ತುಟಿಪಿಟಿಕ್

ಒರೂರೋದಲ್ಲಿ ಬೆಳಗಿನ ನಾಲ್ಕೂವರೆ.
ಕೊನೆಯ ಸ್ಟಾಪಿನ ಮಣ್ಣುಗುಡ್ಡೆಯ ಬದಿಗೆ
ಒಂದು ಮಿನಿಬಸ್ಸು. ಗಾಜು ಏರಿಸಿಕೊಂಡು
ಡ್ರೈವರ್ ಸೀಟಿನಲ್ಲಿ ಬೆನೀತಾ,
ಮೌತ್‌ಪೀಸನ್ನು ಕಂಕುಳಲ್ಲಿಟ್ಟು
ಮೊಟ್ಟೆಗೆ ಕಾವು ಕೊಡುವವಳ ಹಾಗೆ ಕೂತಿದ್ದಾಳೆ.
ತಣ್ಣನೆಯ ಹಿತ್ತಾಳೆ ತುಟಿಯ ಸಿಪ್ಪೆ ಕೀಳುತ್ತದೆ:
ಜೂನಿನ ಚಳಿ ಮೊದಲ ವಾರವೇ ಕಲಿಸಿದ ಪಾಠ.

ಮೂವತ್ತೊಂಬತ್ತು ವರ್ಷ ಅವಳು ತುಟಿಪಿಟಿಕ್ ಎಂದವಳಲ್ಲ,
ಚಿಲ್ಲರೆಗೆ ಜಗಳ ತೆಗೆದವರೆದುರು,
ದಂಡದ ಚೀಟಿ ಹರಿದುಕೊಟ್ಟ ಪೋಲೀಸನೆದುರು,
ಗಂಡ ಕೊಚಬಾಂಬಾದಲ್ಲಿ ಇನ್ನೊಂದು ಒಲೆ ಹೂಡಿದ
ಸುದ್ದಿ ಬಂದ ದಿನವೂ.
ಈಗ ದೋನ್ ಎಪಿಫಾನಿಯೋ ಕೇಳುವುದು ಅದನ್ನೇ:
ಪಿಟಿಕ್ ಅನ್ನಿಸು. ತುಟಿಯನ್ನು. ಮಾತು ಬೇಡ.
ಸೀಸೆಯೊಳಗೆ ಸಿಕ್ಕ ನೊಣದ ಹಾಗೆ, ಒಂದೇ ಸಮ.

ಮುದುಕ ತವರದ ಗಣಿಯಲ್ಲಿದ್ದವನು.
ಮೇಲಿನ ಹಲ್ಲೆಲ್ಲ ಈಗ ಲೋಟದಲ್ಲಿ.
ತಾನು ಊದಲಾರ, ಬೆರಳಿಟ್ಟು ತೋರಿಸುತ್ತಾನೆ:
ಇಲ್ಲಿ, ಬಾಯಿಯ ಎರಡು ಮೂಲೆ, ಗೂಟ ಬಡಿದ ಹಾಗಿರಲಿ.
ನಡುವೆ ಮಾತ್ರ ಗುಡಾರದ ಬಟ್ಟೆ, ಗಾಳಿಗೆ ಅಲುಗಬೇಕು.
ಕೆನ್ನೆ ಉಬ್ಬಿಸಬೇಡ. ಒತ್ತಬೇಡ.
ಒತ್ತಿ ಹತ್ತಿದ ಸ್ವರ ಸಾಲ ತಂದ ದುಡ್ಡು,
ಸಂಜೆಯೊಳಗೆ ಬಡ್ಡಿ ಕಟ್ಟುತ್ತದೆ ತುಟಿ.

ಮೊದಲ ತಿಂಗಳೆಲ್ಲ ಬರೀ ಕೆಳಗಿನ ದೋ. ಉದ್ದಕ್ಕೆ.
ಮುಂದಿನ ಗಾಜಿನ ಮೇಲೆ ರೊಟ್ಟಿಯಗಲ ಮಂಜು.
ಇಷ್ಟೆತ್ತರದಲ್ಲಿ ಗಾಳಿಗೂ ರೇಷನ್ನು,
ಎಂಟು ಎಣಿಸುವುದರೊಳಗೆ ಕಣ್ಣು ಕತ್ತಲೆ.
ಎಂಟು ಹನ್ನೊಂದಾಗುವಾಗ ಚಳಿಗಾಲವೇ ಕರಗಿತ್ತು.

ಊದಿದಷ್ಟೇ ಹೊತ್ತು ಸುಮ್ಮನಿರು ಎಂಬುದು ಇನ್ನೊಂದು ಕಟ್ಟಳೆ.
ಆ ಸುಮ್ಮನಿರುವುದರಲ್ಲಿ ಅವಳು ನಿನ್ನೆಯ ನಾಣ್ಯ ಎಣಿಸುತ್ತಾಳೆ,
ಬಿರಿದ ತುಟಿಗೆ ಲಾಮಾದ ಕೊಬ್ಬು ಸವರುತ್ತಾಳೆ.
ಹಗಲು, ಕೆಂಪು ದೀಪ ಬಿದ್ದಲ್ಲೆಲ್ಲ,
ಹಲ್ಲು ತಾಕಿಸದೆ ಬರೀ ತುಟಿಯಲ್ಲಿ ಪೆನ್ಸಿಲು ಹಿಡಿದು
ನೆಟ್ಟಗೆ ಮುಂದಕ್ಕೆ. ಬಾಯಿಯ ಮೂಲೆ ನಡುಗುತ್ತದೆ.
ಓ, ಮೂಗಿನ ಕೆಳಗೂ ಒಂದು ಗೇರು, ಎಂದ ಯಾರೋ.
ಬಸ್ಸೆಲ್ಲ ನಕ್ಕಿತು. ಅವಳೂ. ಪೆನ್ಸಿಲು ಬಿತ್ತು.
ದೀಪ ಹಸಿರಾಯಿತು.

ಅವರಲ್ಲಿ ಐದನೆಯ ಸ್ವರಕ್ಕೆ ಸೋಲ್ ಎಂದು ಹೆಸರು. ಸೂರ್ಯನೂ ಸೋಲ್.
ನನ್ನ ಭಾಷೆಗೆ ಬಂದರೆ ಆ ಸದ್ದೇ ಸೋಲು.
ಮೂರೂ ಒಟ್ಟಿಗೆ ಕೂತಿದ್ದವು
ಐದು ಗೆರೆಗಳ ನೆತ್ತಿಯ ಮೇಲೆ, ಅವಳಿಗೆ ಎಟುಕದಂತೆ.
ಆಗಸ್ಟಿನಲ್ಲಿ ಮಿ ಹತ್ತಿದಳು.
ಸೆಪ್ಟೆಂಬರಿನಲ್ಲಿ ಫಾ, ಒಡಕಲು ಫಾ.
ಅಕ್ಟೋಬರಿನಲ್ಲಿ ಅದೂ ಹೋಯಿತು.
ಊದಿ ಊದಿ ತುಟಿಯೇ ಊದಿಕೊಂಡು
ಒಂಬತ್ತು ದಿನ ಟ್ರಂಪೆಟ್ಟು ಪೆಟ್ಟಿಗೆಯೊಳಗೆ, ಸ್ಪೇರ್ ಟಯರಿನ ಪಕ್ಕ.
ಒತ್ತಿದವರು ಯಾರು, ಎಂದ ಮುದುಕ.
ಅವಳು ತುಟಿಪಿಟಿಕ್ ಎನ್ನಲಿಲ್ಲ.

ಮತ್ತೆ ಕೆಳಗಿನ ದೋ.

ಅದು ಬಂದದ್ದು ಒಂದು ಮಂಗಳವಾರ.
ಹಿಂದಿನ ಸೀಟಿನಲ್ಲಿ ಯಾರೋ ಮರೆತ ಈರುಳ್ಳಿ ಚೀಲ,
ಹೊರಗೆ ಚಕ್ರಕ್ಕೆ ಕಾಲೆತ್ತಿದ ನಾಯಿ.
ಫಾ ದಾಟುವಾಗ ಅವಳು ತಳ್ಳಲಿಲ್ಲ.
ಈ ಎನ್ನುವಷ್ಟು ನಾಲಿಗೆ ಮೇಲೆತ್ತಿದಳು, ಅಷ್ಟೆ.
ಸೋಲ್ ಅಲ್ಲೇ ಇತ್ತು,
ಬಾಗಿಲ ಹಿಂದೆ ನೇತುಹಾಕಿ ಮರೆತ ಕೋಟಿನ ಹಾಗೆ.
ನಾಯಿ ಕಾಲಿಳಿಸಿ ನೋಡಿತು.
ನಾಲ್ಕು ಎಣಿಕೆ.

ಫೆಬ್ರವರಿಯ ಕಾರ್ನಿವಲ್ಲಿಗೆ ಬ್ಯಾಂಡಿನವರು ಅವಳನ್ನು
ಮೂರನೇ ಸಾಲಿಗೆ ಹಾಕಿದ್ದಾರೆ. ಕೆಳದನಿಯ ಪಾಲು.
ಆರು ತಾಸಿನ ಮೆರವಣಿಗೆಯಲ್ಲಿ ಮೇಲಿನ ಸೋಲ್
ಅವಳಿಗೆ ಒಮ್ಮೆಯೂ ಬರುವುದಿಲ್ಲ.
ಗೊತ್ತು, ಎಂದಳು. ನಾಳೆ ನಾಲ್ಕೂವರೆಗೆ ಗಾಜು ಏರಿಸಿದಳು.
ಐದೂಕಾಲಿಗೆ ಮೊದಲ ಪ್ರಯಾಣಿಕ ಆ ಗಾಜು ತಟ್ಟಿದಾಗ
ಮೌತ್‌ಪೀಸು ಜೇಬಿಗೆ, ಬೆಚ್ಚಗೆ.
ಬಾಗಿಲು ಸರಿಸಿ, ಬೀದಿಯ ಆ ತುದಿಗೂ ಕೇಳುವಂತೆ
ಸ್ಟಾಪುಗಳ ಹೆಸರು ಕೂಗಿದಳು ಒಂದೊಂದಾಗಿ,
ತುಟಿಯ ಮೇಲೆ ಉಂಗುರದ ಕೆಂಪು ಗುರುತು.
ಕೂಗುವಾಗ ಸ್ವಲ್ಪ ಉರಿಯಿತು.