ಹೆಸರಿನ ಲಿಲಾವು

ಗದಗಿನ ಎಪಿಎಂಸಿಯೊಳಗ ನಾನು ಹೆಸರು ಕೂಗಾಂವ.
ಶ್ರಾವಣ ಮುಗಿಯೂದ್ರಾಗ ಅಂಗಳತುಂಬ ಹಸಿರು ರಾಶಿ.
ಮುಂಗೈ ಮಟ ಕೈ ತುರುಕಿ, ಹಿಡಿ ತಗದು,
ಒಂದು ಕಾಳು ಹಲ್ಲಿಗೆ ಕೊಟ್ರ
ಎಷ್ಟು ಒಣಗೈತಿ ಅನ್ನೂದು ನಾಲಿಗಿಗೇ ಗೊತ್ತಾಕ್ಕತಿ.

ಆ ಐತವಾರ ನನ್ನ ದನಿ ಬಾಡಿಗಿಗೆ ಹೋಗಿತ್ತು
ಬೆಟಗೇರಿಗೆ, ನೇಕಾರರ ಸಂಘದ ಹಾಲಿಗೆ.
ಗಡಿಯಾರ ರಿಪೇರಿಯ ವಿಠೋಬಾ ಬಾಕಳೆ ತೀರಿಕೊಂಡು
ಬಿಟ್ಟು ಹೋಗಿದ್ದು ನಡೀದ ಹನ್ನೊಂದು ಗಡಿಯಾರ
ಮತ್ತ ಒಂದು ಟ್ರಂಕು ಯುದ್ಧ.

ನೆಗ್ಗಿದ ನೀರಿನ ಡಬ್ಬಿ, ಬಕ್ಕಲ್ ಇಲ್ಲದ ಪಟ್ಟಾ,
ಕಿಲುಬು ಹಿಡಿದ ತುತ್ತೂರಿ.
ಹುಡುಗ ಒಬ್ಬ ಊದಿ ನೋಡಿದ.
ದನಿ ಬರಲಿಲ್ಲ, ಜೇಡ ಬಂತು.
ಎಲ್ಲಾರೂ ನಕ್ಕರು.

ಪುಣೆಯಂವ ಒಬ್ಬ, ಹುಬ್ಬಳ್ಳಿಯ ಬೆಳ್ಳಿ ಅಂಗಡಿಯಂವ ಒಬ್ಬ,
ಫೋನಿನೊಳಗ ಇನ್ನೊಬ್ಬ, ಯಾವ ಊರಂವನೋ.

ಹನ್ನೆರಡನೇ ಲಾಟು: ಬೆಳ್ಳಿ ಬಿಲ್ಲೆ.
ಒಂದು ಮಗ್ಗಲಕ್ಕ ರಾಜನ ಮೋತಿ,
ಇನ್ನೊಂದು ಮಗ್ಗಲಕ್ಕ ಬರಿಮೈ ಸವಾರ,
ಅವನ ಕುದರಿ ಕಾಲಾಗ ತಲಿಬುರುಡಿ.
ನೀಲವ್ವ, ಪಾಪ, ಹಿಂದಿನ ರಾತ್ರಿ
ಹುಣಸಿಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿದ್ದಳು.
ಪುಣೆಯಂವ ಹಣಿ ಬಡಕೊಂಡ:
"ಬಾಯಾರ, ಆ ಕಪ್ಪಿಗೇ ರೊಕ್ಕ ಇತ್ತು."
ಅಂಗಡಿಯಂವ ತಕ್ಕಡಿ ತಗದ. ಎರಡೂಮುಕ್ಕಾಲು ತೊಲಿ.
ಫೋನು ಕೇಳಿತು: "ಇಂವ ಯುದ್ಧದಾಗ ಸತ್ತನೇನು?
ಸತ್ತಿದ್ರ ಮೂರು ಪಟ್ಟು ಕೊಡತೇನಿ."

ನೀಲವ್ವ ನನ್ನ ಮೋತಿ ನೋಡಿದಳು.
ಸತ್ತಾನ ಅಂದ್ರ ರೊಕ್ಕ. ಬದುಕಿ ಬಂದಿದ್ರ
ಯಾವುದೋ ಎರಿಹೊಲದಾಗ ಹೆಸರು ಬಿತ್ತಿ,
ಆ ಹೆಸರನ್ನ ನನ್ನ ಅಜ್ಜ ಕೂಗಿದ್ರೂ ಕೂಗಿರಬಹುದು.

ಅಂಚಿನ ಮ್ಯಾಲೆ ಸಣ್ಣ ಇಂಗ್ಲಿಷ್ ಅಕ್ಷರ.
ಪಟ್ಟಿಯೊಳಗ ಬರದಿದ್ರು: ಬರ್ಮಾ ಯುದ್ಧದ ಪದಕ.
ಬಾಕಳೆಯ ಭೂತಗನ್ನಡಿ ಹಿಡಿದು
ಕಾಳಿನ್ಯಾಗ ಹಳ್ಳು ಆರಿಸಿಧಂಗ ಆರಿಸಿದೆ.
ಬರ್ಮಾ ಅಲ್ಲ. ಬರ್ಮಾಪಾ.
ಯಾವ ಕಾರಕೂನನ ಕಿವಿಯೊಳಗ ಹೊಕ್ಕು
ಭರಮಪ್ಪ ಹಿಂಗ ಹೊರಗ ಬಂದನೋ!
ಹೇಸರಗತ್ತಿ ಹೊಡೆಯಾಂವ. ಒಂದು ನಂಬರು.
ಊರಿನ ಹೆಸರಿಲ್ಲ.
ಬರ್ಮಾ ದೇಶ ಅಂವ ಕನಸಿನ್ಯಾಗೂ ಕಂಡಿರಲಿಕ್ಕಿಲ್ಲ.

"ಸತ್ತದ್ದು ಬರದಿಲ್ರೀ," ಅಂದೆ ಫೋನಿಗೆ.
"ಬದುಕಿದ್ದೂ ಬರದಿಲ್ಲ."

ದನಿ ಎತ್ತಿದೆ. ಮೂವತ್ತು ವರ್ಷ
ಹೆಸರು, ಹೆಸರು ಅಂತ ಹರದ ಗಂಟಲು.
"ಭರಮಪ್ಪ, ಮೂರು ಸಾವಿರ!
ಭರಮಪ್ಪ, ನಾಕು ಸಾವಿರದ ಇನ್ನೂರು!"
ಕರಗಿಸಿದ್ರ ಅಷ್ಟು ಹುಟ್ಟೂದಿಲ್ಲ ಅಂತ ಬೆಳ್ಳಿಯಂವ ಕುಂತ.
"ಐದೂವರೆ! ಭರಮಪ್ಪ, ಒಂದನೇ ಸಲ.
ಭರಮಪ್ಪ, ಎರಡನೇ ಸಲ."
ಓಣ್ಯಾಗಿನ ಪವರ್‌ಲೂಮ್ ಒಮ್ಮೆಲೆ ಸುಮ್ಮನಾದ್ವು.
ಕರೆಂಟು ಹೋಗಿರಬೇಕು.
ಸಾಲ್ಯಾಗ ಹಾಜರಿ ಕರದಂಗ ಅನಿಸಿ
ಮೂರನೇ ಸಲಕ್ಕ ಒಂದು ಉಸಿರು ಜಾಸ್ತಿ ತಡದೆ.

ಯಾರೂ ಓ ಅನಲಿಲ್ಲ.

ಪುಣೆಯಂವಗ ಹೋತು. ಪಾವತಿ ಬರಿಯೂ ಮುಂದ ಕೇಳಿದೆ,
ಬರ್ಮಾ ಹೊಡದು ಭರಮಪ್ಪ ಅಂತ ತಿದ್ದಲೇನು?
"ಬ್ಯಾಡ್ರಿ. ಅಂಚಿನ್ಯಾಗ ಹ್ಯಾಂಗೈತಿ ಹಂಗ ಇರಲಿ.
ತಿದ್ದಿದ್ದು ಮಾರಾಕ ಬರೂದಿಲ್ಲ."
ದಲಾಲಿ ಬದಲು ನೀಲವ್ವ
ನಡೀದ ಗಡಿಯಾರ ಒಂದು ಕೊಟ್ಟಳು. ಬ್ಯಾಡ ಅನಲಿಲ್ಲ.

ಸೋಮವಾರ ಮತ್ತ ಅಂಗಳದಾಗ.
"ಹೆಸರು, ಹೊಸಾ ಹೆಸರು!"
ಹಿಡಿಯೊಳಗಿನ ಕಾಳು ಹಲ್ಲಿಗೆ ಕೊಡಾಕ
ಯಾಕೋ ಮನಸಾಗಲಿಲ್ಲ.
"ಒಣಗೈತೇನೋ?" ಅಂದ ಖರೀದಿದಾರ.
ನೀವೇ ಕಡದು ನೋಡ್ರಿ, ಅಂದೆ.