ಬೋಟು, ಒಂದು, ಇಂಜಿನ್ ರಹಿತ

ನೋಟಿಸಿನ್ಯಾಗ ನಂಬರ ಏಳು.
ಆರರಾಗ ಕಾಲು ಮುರದ ಕುರ್ಚಿ ಹದಿನಾಲ್ಕು,
ಎಂಟರಾಗ ಜೀಪಿನ ಟೈರು,
ನಡುವ ಇದು:
‘ಬೋಟು, ಒಂದು, ಇಂಜಿನ್ ರಹಿತ, ಇದ್ದ ಸ್ಥಿತಿಯಲ್ಲಿ.’
ಮಗಳು ಚನ್ನಿ ಎರಡು ಸಲ ಓದಿ ಹೇಳಿದ್ಲು.
ಇದ್ದ ಸ್ಥಿತಿಯಲ್ಲಿ ಅಂದ್ರ ಹೆಂಗ ಯವ್ವಾ?
ನನ್ನಂಗ, ಅಂದೆ.

ಬೀಳಗಿ ತಾಲೂಕ ಕಚೇರಿ ಹಿಂದ, ಬೇವಿನ ಬುಡಕ
ಬೋರಲ ಅಲ್ಲ, ಅಂಗಾತ ಬಿದ್ದಿತ್ತು.
ಮಹಾಪೂರದ ವರ್ಷ ತಂದದ್ದು,
ಎರಡು ದಿನ ನೀರು ಕಂಡು
ಉಳದ ದಿನ ಎಲ್ಲಾ ಬಿಸಲು ಕಂಡದ್ದು.
ಒಳಗ ಒಂದು ನಾಯಿ ಐದು ಮರಿ ಹಾಕಿತ್ತು.
ಸಾಹೇಬ್ರು ಬರೂತನಕ ಅದು ನಮ್ಮನ್ನೆಲ್ಲಾ
ಹೇಳದ ಬಂದ ಬೀಗರಂಗ ನೋಡ್ತಿತ್ತು.

ಗುಜರಿ ಮೌಲಾಸಾಬ ಗೆಣ್ಣಿಲೆ ಬಡದು ನೋಡಿ
ಫೈಬರ್ ರೀ, ಕೇಜಿಗೆ ಬೆಲಿ ಇಲ್ಲ, ಅಂದು
ಕುರ್ಚಿ ಕಡೆ ಹ್ವಾದ.
ಉಳದಾಂವ ಹೈವೇ ಢಾಬಾದ ಗಿರಿಮಲ್ಲ ತುಂಗಳ.
ಅದರಾಗ ಮಣ್ಣು ತುಂಬಿ ಹೂವಿನ ಗಿಡ ಹಚ್ಚಾಂವ,
ಉಣ್ಣಾಕ ಬಂದ ಮಂದಿ ಫೋಟೋ ಹೊಡ್ಕೋಬೇಕು.

ಮೂರು ಸಾವಿರಕ್ಕ ಸುರು.
ಆಂವ ಐದುನೂರು ಏರಿಸಿದ, ನಾ ನೂರು.
ಆಂವ ಐದುನೂರು, ನಾ ನೂರು.
ಮಂದಿ ನಕ್ಕರು. ನಗಲಿ.
ಆಂವಗ ಐದುನೂರು ಅಂದ್ರ ಒಂದು ಟೇಬಲ್ಲಿನ ಬಿಲ್ಲು,
ನನಗ ನೂರು ಅಂದ್ರ ಕೇಜಿ ಮೀನು,
ಅರ್ಧ ರಾತ್ರಿ, ನಡುಮಟ ಥಂಡಿ.
ಒಂಬತ್ತು ಸಾವಿರದ ಆರುನೂರಕ್ಕ ನಾ ನಿಂತಾಗ
ಆಂವನ ಫೋನು ಬಡೀತು.
ಮಾತಾಡಕೋತ ಬೇವಿನ ಆಕಡೆ ಹ್ವಾದ,
ಹೊಳ್ಳಿ ಬರೂದರಾಗ ಮೂರು ಸಲ ಅಂದಾಗಿತ್ತು.

ರಶೀದಿಯೊಳಗ ಹುಲಿಗೆವ್ವ ಬಾರಕೇರ ಹೋಗಿ
ಹುಲಿಗೆಮ್ಮ ಬಾಕೇರ ಆಗಿದ್ದೆ.
ಇರಲಿ, ನಾವಿ ತಪ್ಪಿಲ್ಲಲ್ಲ.
ಕಾರಕೂನ ದೇಸಾಯರ ಕೈಯಾಗ ಒಂದು ಬುಕ್ಕು,
ಆ ವರ್ಷ ಯಾರ್ನ ಎಲ್ಲಿಂದ ದಾಟಿಸಿತು ಅಂತ ಬರದದ್ದು.
ಚನ್ನಿ ಇಣಿಕಿ ಓದಿದ್ಲು:
ಮಂದಿ ಹನ್ನೊಂದು, ಆಡು ನಾಕು, ಟಿವಿ ಒಂದು,
ಬಾಣಂತಿ ಒಬ್ಬಾಕಿ.
ಇದನ್ನೂ ಕೊಡ್ರಿ ಸಾಹೇಬ್ರ, ಅಂದೆ.
ನಾವಿ ಮಾರೀವಿ ಯವ್ವಾ,
ಅದು ಹೋದ ಹಾದಿ ಮಾರಿಲ್ಲ,
ಅಂದು ಬುಕ್ಕು ಮುಚ್ಚಿದ್ರು.

ಟ್ರ್ಯಾಕ್ಟರಿನ ಟೇಲರ ಮ್ಯಾಲ, ಧೂಳಿನ್ಯಾಗ, ಹೊಂಟಿತು ಬೋಟು.
ಕಬ್ಬಿನ ಗಾಡಿಯಾಂವ ಕೂಗಿದ:
ಯಕ್ಕಾ, ಸಮುದ್ರ ಎಲ್ಲೈತಿ?
ನಿನ್ನ ಹಿಂದ ಬರಾಕತ್ತೈತಿ, ಸರಿ, ಅಂದೆ.

ಯಾಕ ಬೇಕಾಗಿತ್ತು ಇದು?
ಅತ್ತಿ ಕೇಳಿದ್ಲು, ಸೊಸೈಟಿ ಸೆಕ್ರೆಟರಿ ಕೇಳಿದ,
ಗಂಡ ಕೇಳಲಿಲ್ಲ, ಚಾ ಕುಡಿಯೂದು ಬಿಟ್ಟ.
ಇಪ್ಪತ್ತೆರಡು ವರ್ಷ ಹರಗೋಲಿನ್ಯಾಗ ಕುಂತೀನಿ.
ದುಂಡಂದು. ಅದಕ್ಕ ಮುಂದಿಲ್ಲ, ಹಿಂದಿಲ್ಲ.
ಆಷಾಢದ ಗಾಳಿಗೆ ಹಿನ್ನೀರು ಎದ್ದಾಗ
ಬುಗರಿಯಂಗ ತಿರಗತೈತಿ,
ಬಲಿ ಎಲ್ಲಿ ಬಿಟ್ಟೆ, ಮನಿ ಯಾವ ದಿಕ್ಕಿಗೈತಿ
ಒಂದೂ ತಿಳಿಯಂಗಿಲ್ಲ.
ಇದಕ್ಕ ಮೂಗೈತಿ.
ಅಷ್ಟ.
ಮೂಗಿದ್ದದ್ದು ಒಂದು ಬೇಕಾಗಿತ್ತು ನನಗ.

ಅನಗವಾಡಿ ಸೇತುವೆ ಕೆಳಗ ಇಳಿಸಿದ್ವಿ.
ಡಾಂಬರ ಹಚ್ಚಿದ ಸೀಳು ಒಂಚೂರು ಬೆವತು, ನಿಂತಿತು.
ನಾ ಹತ್ತಿ ಹುಟ್ಟು ಹಾಕಿದೆ.
ತಿರಗಿತು.
ಮತ್ತ ಹಾಕಿದೆ, ಮತ್ತ ತಿರಗಿತು,
ಗಾಣದ ಎತ್ತಿನಂಗ ಹೊಳ್ಳಿ ಅಲ್ಲೇ ಬಂತು.
ದಂಡಿ ಮ್ಯಾಲ ಗಂಡ ಹೊಟ್ಟಿ ಹಿಡಕೊಂಡು ನಕ್ಕ,
ಬಿಟ್ಟಿದ್ದ ಚಾ ಅವತ್ತ ಸುರು ಮಾಡಿದ.
ನಾವಿದೇನು ತಪ್ಪಿಲ್ಲ.
ಅದರ ಮೂಗು ನೆಟ್ಟಗ ಐತಿ,
ನನ್ನ ತೋಳಿಗೆ ದುಂಡಂದಷ್ಟ ಗೊತ್ತು.

ಹೊತ್ತು ಮುಣಗಾಕ ಬಂದಾಗ ಚನ್ನಿ ಕೂಗಿದ್ಲು:
ಎಷ್ಟು ದೂರ ಹ್ವಾದಿ ಯವ್ವಾ?
ಬರಕೋ, ಅಂದೆ.
ಸಾಲಿ ನೋಟಬುಕ್ಕಿನ ಹಿಂದಿನ ಹಾಳಿಗೆ, ಪೆನ್ಸಿಲಿಲೆ:
ಮಂದಿ ಒಬ್ಬಾಕಿ. ಮೀನು ಇಲ್ಲ.
ಸುತ್ತು ಹದಿನೇಳು.