ಕಾರ್ನರ್ ಬಾವುಟ ನಿಲ್ಲದ ಮೂಲೆ

ಇಂಜಿನಿಯರ್ ಸಾಹೇಬರೇ, ಸ್ವಲ್ಪ ಈಚೆ ನಿಲ್ಲಿ,
ಅಲ್ಲಿ ಬೂಟು ಹೂತುಹೋಗುತ್ತದೆ.
ನಿಮ್ಮ ಯಂತ್ರ ಸಪಾಟು ಅನ್ನುತ್ತದೆ, ಅನ್ನಲಿ.
ಮೂವತ್ತೊಂದು ವರ್ಷ ಈ ಮೈದಾನಕ್ಕೆ ಸುಣ್ಣ ಎಳೆದವನು ನಾನು,
ಗೆರೆ ಒಣಗದ ಜಾಗ ಯಾವುದೆಂದು ಗೊತ್ತು.

ಇದು ಮೊದಲು ಗದ್ದೆ.
ಕಾಗದದಲ್ಲಿ ಹಾಗಿಲ್ಲ. ಕಾಗದದಲ್ಲಿ ಬರೀ ಬಾಣೆ.
ಆದರೆ ನನ್ನಜ್ಜಿ ಬೊಳಚ್ಚಿ ನಾಟಿ ಮುಗಿಸಿ
ಕೈ ತೊಳೆದದ್ದು ಈ ಮೂಲೆಯ ಊಟೆಯಲ್ಲಿ.
ಕಾಗದಕ್ಕೆ ಕೈ ತೊಳೆದು ಗೊತ್ತಿಲ್ಲ.

ಆಮೇಲೆ ದೊರೆಗಳ ಕುದುರೆ ಬಂದವು.
ಊಟೆಯ ಬಾಯಿಗೆ ಕಲ್ಲು ತುಂಬಿ ಮೇಲೆ ಮಣ್ಣು ಬಡಿದರು,
ಭಾನುವಾರ ಬಿಳಿ ಬಟ್ಟೆ ಹಾಕಿ ಚೆಂಡು ಹೊಡೆದರು.
ಹೆಕ್ಕುವವನು ನನ್ನಜ್ಜ:
ತಂದರೆ ಒಂದು ಕಾಸು, ಕಳೆದರೆ ಒಂದು ಬೆತ್ತ.
ಒಂದು ಚೆಂಡು ಇಲ್ಲೇ ಕೆಸರಿಗಿಳಿಯಿತಂತೆ.
ಅಗೆಯುವಾಗ ಸಿಕ್ಕರೆ ಹೇಳಿ,
ಆ ಬೆತ್ತ ಯಾರಿಗೆ ವಾಪಸ್ ಕೊಡಬೇಕು, ವಿಚಾರಿಸೋಣ.

ಮತ್ತೆ ಸಂತೆ. ಬುಧವಾರ ಒಣಮೀನು, ಗುರುವಾರ ಹಾಕಿ.
ಜಾರಿ ಬಿದ್ದ ಸೆಂಟರ್ ಫಾರ್ವರ್ಡಿನ ಮೊಣಕಾಲು
ಶನಿವಾರದವರೆಗೂ ಬೆಕ್ಕು ಕರೆಯುತ್ತಿತ್ತು.
ಕೈಲ್‌ಪೊಳ್ದಿನ ತೆಂಗಿನಕಾಯಿಗೆ ತಾಗದ ಗುಂಡುಗಳು
ಆ ದರೆಯಲ್ಲಿ ಈಗಲೂ ಇವೆ,
ತಾಗಿದವರ ಹೆಸರು ಕಪ್ಪಿನ ಮೇಲೆ.

ಹುಡುಗಿಯರಿಗೆ ಮೈದಾನ ಇಲ್ಲ ಅಂದ ವರ್ಷ
ಡಾಟಿ ಅಂತ ಒಬ್ಬಳು, ಬೆಳಗ್ಗೆ ಐದಕ್ಕೆ ಗೇಟು ಹಾರಿ,
'ಚುಬ್ರಣ್ಣಾ, ಒಂದು ಡಿ ಎಳೆದುಕೊಡಿ' ಅಂದಳು.
ರಸ್ತೆಗೆ ಕಾಣದ ಜಾಗ ಇದೊಂದೇ.
ಎಳೆದೆ. ಏಳು ಜನ, ಮೂರು ಸ್ಟಿಕ್ಕು, ಒಂದು ಹಲಸಿನ ಕೊಂಬೆ.
ಏಳು ಗಂಟೆಗೆ ಪೊರಕೆ ಹಿಡಿದು ಅಳಿಸಿದವನೂ ನಾನೇ.
ಅದು ಯಾವ ರಿಜಿಸ್ಟರಿನಲ್ಲೂ ಇಲ್ಲ,
ಅರ್ಧ ಚೀಲ ಸುಣ್ಣ ಕಡಿಮೆ ಬಿದ್ದದ್ದು ಬಿಟ್ಟರೆ.

ಗುಡ್ಡ ಜಾರಿದ ಮಳೆಗಾಲ ಟಿಪ್ಪರುಗಳು ಬಂದವು.
ಎರಡಡಿ ಮಣ್ಣು, ಒಳ್ಳೆ ಮಣ್ಣು, ಬಿಟ್ಟಿ ಮಣ್ಣು.
ಯಾರ ಮನೆಯ ಹಿತ್ತಲು ಅಂತ
ನಾವೂ ಕೇಳಲಿಲ್ಲ, ಡ್ರೈವರೂ ಹೇಳಲಿಲ್ಲ.
ರೋಲರಿಗೆ ಒಂದು ಹಿತ್ತಾಳೆ ಕಿಂಡಿ ಸಿಕ್ಕಿತು, ಮೂತಿ ನಜ್ಜಾಗಿ.
ಮುಂದಿನ ಮೇ ತಿಂಗಳಲ್ಲಿ ಸೆಂಟರ್ ಲೈನಿನ ಮೇಲೆ
ಒಂದು ಕಾಫಿ ಗಿಡ ಎದ್ದಿತ್ತು. ಆರೇ ಎಲೆ.
ಕೀಳಲು ಬಗ್ಗಿದೆ. ಕೈ ಹೋಗಲಿಲ್ಲ.
ಗೆರೆಯನ್ನೇ ಸುತ್ತು ಹಾಕಿಸಿ ಎಳೆದೆ.
'ಲೈನ್ ಸೊಟ್ಟ ಯಾಕೋ?' ರೆಫರಿ ಕೂಗಿದ.
ಗಿಡ ತೋರಿಸಿದೆ.
ಅವನು ಸೀಟಿ ಬಾಯಿಂದ ತೆಗೆದ.
ಆ ಪಂದ್ಯ ಎಲ್ಲರೂ ಗಿಡ ಬಿಟ್ಟು ಆಡಿದರು,
ಸೋಲುತ್ತಿದ್ದವರೂ.

ಮಾರನೆ ವಾರ ಕ್ಯಾಂಪಿನಿಂದ ಬಂದ ಹೆಂಗಸು
ಬ್ರೆಡ್ಡಿನ ಕವರಿನಲ್ಲಿ ಬೇರು ಸಮೇತ ತೆಗೆದುಕೊಂಡು ಹೋದಳು.
ಕಿಂಡಿ ತೋರಿಸಿದೆ. ತನ್ನದಲ್ಲ ಅಂದಳು.
ಇನ್ನೂ ನನ್ನ ಶೆಡ್ಡಿನಲ್ಲಿದೆ.

ಈಗ ನೀವು ಹಸಿರು ಚಾಪೆ ತರುತ್ತೀರಿ,
ಗೆರೆ ಅದರೊಳಗೇ ನೇಯ್ದು ಬರುತ್ತದಂತೆ.
ಸುತ್ತ ವಾಕಿಂಗ್ ಪಾತ್, ಜಾರುಬಂಡೆ, ತಿಂಗಳ ಪಾಸು.
ಆಗಲಿ, ಮಕ್ಕಳ ಮೊಣಕಾಲು ಉಳಿಯುತ್ತದೆ.
ಈ ಮೂಲೆಗೆ ಮಾತ್ರ ಒಂದು ಪೈಪು ಬಿಡಿ.
ಜೂನ್ ಬಂತೆಂದರೆ ಊಟೆಗೆ ಕಲ್ಲೂ ಗೊತ್ತಿಲ್ಲ, ಟೆಂಡರೂ ಗೊತ್ತಿಲ್ಲ.

ನೋಡಿ, ಆಗಲೇ ಹೇಳಿದೆನಲ್ಲ,
ಸಾಕ್ಸಿಗೂ ನೀರು ಹತ್ತಿತು.